ಬೆಳಕನ್ನು ಹದ ಮಾಡಿದ ಮೇಷ್ಟರು

ಮಕ್ಕಳೇ, ಈರುಳ್ಳಿಯ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೀರಾ? ಈರುಳ್ಳಿಯ ದಪ್ಪ ಪದರದ ಒಳಮೈಯಿಂದ ತೆಳ್ಳನೆಯ ಪೊರೆ ಕಿತ್ತು ಗಾಜಿನ ಸ್ಲೈಡ್ ಮೇಲೆ ಇಡುತ್ತೇವೆ. ಒಂದು ಹನಿ ನೀರು, ಒಂದು ಹನಿ ಅಯೋಡಿನ್ ಬಿಟ್ಟು, ಮೇಲೆ ಕವರ್‌ಸ್ಲಿಪ್ ಮುಚ್ಚಿ ಕಣ್ಣಿಟ್ಟರೆ ಇಟ್ಟಿಗೆ ಗೋಡೆಯಂತೆ ಸಾಲುಸಾಲಾಗಿ ಜೀವಕೋಶಗಳು ಕಾಣುತ್ತವೆ. ಒಂದೊಂದರಲ್ಲೂ ಒಂದೊಂದು ಚುಕ್ಕೆ, ಅದೇ ಕೋಶಕೇಂದ್ರ.

ನಾನು ಹೈಸ್ಕೂಲಿನಲ್ಲಿ ಮೊದಲ ಸಲ ಇದನ್ನು ನೋಡಿದಾಗ ಕೋಶಗಳ ಜೊತೆಗೆ ಇನ್ನೂ ಏನೋ ಕಂಡಿತು. ಮೇಲಿಂದ ಕೆಳಕ್ಕೆ ನೆಟ್ಟಗೆ ಇಳಿದ ಮೂರು ಕಪ್ಪು ಗೆರೆಗಳು. ಅವೂ ಈರುಳ್ಳಿಯ ಭಾಗವೇ ಇರಬೇಕೆಂದು ರೆಕಾರ್ಡ್ ಪುಸ್ತಕದಲ್ಲಿ ಬರೆದುಕೊಂಡೆ. ಮೇಷ್ಟರು ಚಿತ್ರ ನೋಡಿದರು. "ಕಣ್ಣು ತೆಗೀಬೇಡ, ನೋಡ್ತಾ ಇರು" ಎಂದು ಹೇಳಿ ಕಿಟಕಿಯ ಹತ್ತಿರ ಹೋಗಿ ಕೈ ಆಡಿಸಿದರು. ಈರುಳ್ಳಿಯ ಕೋಶಗಳ ನಡುವೆ ಪುಟ್ಟ ಪುಟ್ಟ ಬೆರಳುಗಳು ಅಲ್ಲಾಡಿದವು!

ಆ ಕಪ್ಪು ಗೆರೆಗಳು ಕಿಟಕಿಯ ಸರಳುಗಳಾಗಿದ್ದವು. ಸೂಕ್ಷ್ಮದರ್ಶಕದ ಬುಡದಲ್ಲಿದ್ದ ಕನ್ನಡಿ ಕಿಟಕಿಯ ಬೆಳಕನ್ನು ಮೇಲಕ್ಕೆ ಕಳಿಸುತ್ತಿತ್ತು. ಸ್ಲೈಡಿನ ಕೆಳಗಿದ್ದ ಮಸೂರ ಅದನ್ನು ಒಟ್ಟುಗೂಡಿಸಿ, ಕಿಟಕಿಯ ಪುಟ್ಟ ಬಿಂಬವನ್ನು ಸರಿಯಾಗಿ ಈರುಳ್ಳಿ ಪೊರೆಯ ಮೇಲೆಯೇ ಬೀಳಿಸಿತ್ತು. ಹಾಗಾಗಿ ಪೊರೆಯೂ ಸ್ಪಷ್ಟ, ಕಿಟಕಿಯೂ ಸ್ಪಷ್ಟ.

ಇದೇ ತೊಂದರೆ ನೂರಮೂವತ್ತು ವರ್ಷಗಳ ಹಿಂದೆ ಜರ್ಮನಿಯ ಒಬ್ಬ ಯುವ ಸಂಶೋಧಕರಿಗೂ ಎದುರಾಗಿತ್ತು. ಅವರು ಹುಡುಕಿದ ಉತ್ತರ ಇವತ್ತಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಅವರ ಹೆಸರು ಆಗುಸ್ಟ್ ಕೋಹ್ಲರ್.

ಬಂಡೆಗೆ ಅಂಟಿದ ಜೀವಿ

ಕೋಹ್ಲರ್ ಹುಟ್ಟಿದ್ದು 1866ರಲ್ಲಿ, ಜರ್ಮನಿಯ ಡಾರ್ಮ್‌ಸ್ಟಾಟ್ ಎಂಬ ಊರಿನಲ್ಲಿ. ಓದು ಮುಗಿಸಿ ಮೇಷ್ಟರಾದರು, ಶಾಲೆಯಲ್ಲಿ ಪಾಠ ಮಾಡಿದರು. ಆದರೆ ಪ್ರಾಣಿಗಳನ್ನು ಇನ್ನಷ್ಟು ಆಳವಾಗಿ ಅರಿಯಬೇಕೆಂಬ ಆಸೆ ಬಿಡಲಿಲ್ಲ. ಮತ್ತೆ ವಿದ್ಯಾರ್ಥಿಯಾಗಿ ಗೀಸೆನ್ ವಿಶ್ವವಿದ್ಯಾಲಯಕ್ಕೆ ಹೋದರು.

ಅಲ್ಲಿ ಅವರು ಆರಿಸಿಕೊಂಡದ್ದು ಸೈಫನೇರಿಯಾ ಎಂಬ ಸಮುದ್ರಜೀವಿಯನ್ನು. ಬಸವನಹುಳುವಿನ ನೆಂಟ. ಆದರೆ ಇದರ ಚಿಪ್ಪು ಸುರುಳಿ ಸುತ್ತಿರುವುದಿಲ್ಲ, ಪುಟ್ಟ ಟೊಪ್ಪಿಗೆಯ ಹಾಗೆ ಇರುತ್ತದೆ. ಅಲೆ ಬಡಿಯುವ ಬಂಡೆಗಳಿಗೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಸಮುದ್ರ ಏರಿದಾಗ ನೀರಿನಲ್ಲಿ, ಇಳಿದಾಗ ಗಾಳಿಯಲ್ಲಿ, ಹೀಗೆ ದಿನವೂ ಎರಡು ಬಗೆಯ ಬದುಕು ಅದರದು. ಹಾಗಾದರೆ ಅದರ ಒಳಗಿನ ಅಂಗಗಳು ಹೇಗಿವೆ? ಕೋಹ್ಲರ್ ತಿಳಿಯಹೊರಟದ್ದು ಇದನ್ನು.

ಇಂಥ ಕೆಲಸಕ್ಕೆ ಆ ಜೀವಿಯ ಮೈಯನ್ನು ತುಂಬ ತೆಳ್ಳಗೆ ಕತ್ತರಿಸಬೇಕು. ಎಷ್ಟು ತೆಳ್ಳಗೆ? ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಒಂದು ಪಾಲು ಎಷ್ಟಾಗುತ್ತದೋ ಸುಮಾರು ಅಷ್ಟು. ಆಗ ಬೆಳಕು ಅದರ ಮೂಲಕ ಹಾದು ಬರುತ್ತದೆ. ಅದಕ್ಕೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು. ನೋಡಿದ್ದನ್ನು ಇತರರಿಗೆ ತೋರಿಸಲು ಫೋಟೊ ತೆಗೆಯಬೇಕು.

ಫೋಟೊ ತೆಗೆಯುವಾಗಲೇ ತೊಡಕು ಬಂದದ್ದು. ಆಗ ಬೆಳಕಿಗೆ ಬಳಸುತ್ತಿದ್ದುದು ಗ್ಯಾಸ್‌ದೀಪದಂಥ ದೀಪಗಳನ್ನು. ದೀಪದ ಉರಿ ಎಲ್ಲ ಕಡೆ ಒಂದೇ ಸಮ ಬೆಳಗುವುದಿಲ್ಲ. ನಡುವೆ ಹೆಚ್ಚು, ಅಂಚಿನಲ್ಲಿ ಕಡಿಮೆ. ನಮ್ಮ ಮನೆಯ ದೀಪದ ಕುಡಿಯನ್ನೇ ನೋಡಿ: ಬತ್ತಿಯ ಹತ್ತಿರ ಒಂದು ಬಣ್ಣ, ಮೇಲೆ ಇನ್ನೊಂದು ಬಣ್ಣ. ಸೂಕ್ಷ್ಮದರ್ಶಕದ ಮಸೂರ ಈ ಉರಿಯ ಬಿಂಬವನ್ನು ಸ್ಲೈಡ್ ಮೇಲೆ ಬೀಳಿಸುತ್ತಿತ್ತು. ನನಗೆ ಕಿಟಕಿ ಕಂಡಂತೆ ಅವರಿಗೆ ಉರಿ ಕಾಣುತ್ತಿತ್ತು. ಫೋಟೊದಲ್ಲಿ ಒಂದು ಕಡೆ ಬೆಳ್ಳಗೆ, ಇನ್ನೊಂದು ಕಡೆ ಕಪ್ಪಗೆ. ಕಪ್ಪಾಗಿದ್ದು ಆ ಜೀವಿಯ ಅಂಗವೋ ದೀಪದ ನೆರಳೋ ಎಂದು ಹೇಳುವುದು ಹೇಗೆ?

ಕಣ್ಣು ಇಂಥದ್ದನ್ನು ಸುಮಾರಾಗಿ ಸಹಿಸಿಕೊಳ್ಳುತ್ತದೆ, ಫೋಟೊ ಸಹಿಸುವುದಿಲ್ಲ.

ನೀವೇ ಮಾಡಿ ನೋಡಿ

ಕೋಹ್ಲರ್ ಏನು ಮಾಡಿದರೆಂದು ತಿಳಿಯಲು ಒಂದು ಚಿಕ್ಕ ಪ್ರಯೋಗ ಸಾಕು. ಒಂದು ಮೇಣದಬತ್ತಿ, ಒಂದು ಭೂತಗನ್ನಡಿ, ಒಂದು ಬಿಳಿ ಹಾಳೆ ಬೇಕು. ಉರಿಯುವ ಬತ್ತಿಯ ಹತ್ತಿರ ಕೆಲಸ, ಆದ್ದರಿಂದ ಮನೆಯ ದೊಡ್ಡವರೊಬ್ಬರು ಜೊತೆಗಿರಲಿ. ಹಾಳೆಯನ್ನು ಉರಿಯಿಂದ ದೂರವೇ ಹಿಡಿಯಿರಿ. ಭೂತಗನ್ನಡಿಯಲ್ಲಿ ಸೂರ್ಯನನ್ನು ಮಾತ್ರ ಎಂದೂ ನೋಡಬೇಡಿ.

ಕತ್ತಲೆ ಕೋಣೆಯಲ್ಲಿ ಬತ್ತಿ ಹೊತ್ತಿಸಿ. ಒಂದೆರಡು ಗೇಣು ದೂರದಲ್ಲಿ ಭೂತಗನ್ನಡಿ ಹಿಡಿಯಿರಿ. ಅದರ ಆಚೆಗೆ ಹಾಳೆ ಹಿಡಿದು ಮುಂದಕ್ಕೂ ಹಿಂದಕ್ಕೂ ಸರಿಸುತ್ತಾ ಹೋಗಿ. ಒಂದು ಕಡೆ ಹಾಳೆಯ ಮೇಲೆ ಉರಿಯ ಚಿತ್ರ ತಲೆಕೆಳಗಾಗಿ ಮೂಡುತ್ತದೆ. ಉರಿಯ ನಡು, ಅಂಚು, ಬತ್ತಿ ಎಲ್ಲವೂ ಬೇರೆ ಬೇರೆ ಕಾಣುತ್ತವೆ. ಅಲ್ಲಿ ಸ್ಲೈಡ್ ಇಟ್ಟರೆ ಕೋಹ್ಲರ್ ಅವರ ಕೆಟ್ಟ ಫೋಟೊ ಬರುತ್ತದೆ.

ಈಗ ಹಾಳೆಯನ್ನು ನಿಧಾನವಾಗಿ ಭೂತಗನ್ನಡಿಯ ಕಡೆಗೆ ತನ್ನಿ. ಉರಿಯ ಚಿತ್ರ ಕದಡುತ್ತದೆ, ಅಗಲವಾಗುತ್ತದೆ. ಹಾಳೆ ಗಾಜಿನ ಬೆನ್ನಿಗೆ ತಾಗುವಷ್ಟು ಹತ್ತಿರ ಬಂದಾಗ ಉರಿಯ ಗುರುತೇ ಇಲ್ಲ! ಒಂದೇ ಸಮನಾದ ಬೆಳಕಿನ ದುಂಡು ಚಕ್ರ ಕಾಣುತ್ತದೆ.

ಯಾಕೆ ಹೀಗೆ? ಭೂತಗನ್ನಡಿಯ ಗಾಜಿನ ಪ್ರತಿಯೊಂದು ಚುಕ್ಕೆಗೂ ಇಡೀ ಉರಿಯಿಂದ ಬೆಳಕು ಬರುತ್ತದೆ. ಉರಿಯ ಪ್ರಖರ ಭಾಗದ ಬೆಳಕೂ ಮಂದ ಭಾಗದ ಬೆಳಕೂ ಎಲ್ಲ ಚುಕ್ಕೆಗಳಿಗೂ ಹಂಚಿಹೋಗುತ್ತದೆ. ಊಟದ ಸಾಲಿನಲ್ಲಿ ಕೂತ ಎಲ್ಲರ ಎಲೆಗೂ ಪಾಯಸವೂ ಬಂತು, ಉಪ್ಪಿನಕಾಯಿಯೂ ಬಂತು ಎನ್ನುವ ಹಾಗೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.

ಕೋಹ್ಲರ್ ಗಮನಿಸಿದ್ದು ಇದನ್ನೇ. ದೀಪದ ಉರಿ ಏರುಪೇರಾಗಿದ್ದರೂ ಅದರ ಮುಂದೆ ಇಟ್ಟ ಮಸೂರದ ಮುಖ ಸಮನಾಗಿ ಬೆಳಗಿರುತ್ತದೆ. ಹಾಗಾದರೆ ಸ್ಲೈಡ್ ಮೇಲೆ ಬೀಳಬೇಕಾದದ್ದು ಉರಿಯ ಬಿಂಬವಲ್ಲ, ಆ ಸಮನಾದ ಮುಖದ ಬಿಂಬ. ಉರಿಯ ಬಿಂಬ ಎಲ್ಲಾದರೂ ಬೀಳಲೇಬೇಕಲ್ಲ? ಅದು ಸ್ಲೈಡಿಗಿಂತ ಕೆಳಗೆ, ಕಂಡೆನ್ಸರ್ ಎಂಬ ಮಸೂರದ ಬಾಯಲ್ಲಿ ಬೀಳಲಿ. ಅಲ್ಲಿ ಬಿದ್ದರೆ ನಮ್ಮ ಕಣ್ಣಿಗೂ ಫೋಟೊಗೂ ಅದು ಅಡ್ಡ ಬರುವುದಿಲ್ಲ.

ಅವರು ಇದಕ್ಕೆ ಎರಡು ಕಂಡಿಗಳನ್ನೂ ಜೋಡಿಸಿಕೊಂಡರು. ನಮ್ಮ ಕಣ್ಣಿನ ಪಾಪೆ ಬಿಸಿಲಿನಲ್ಲಿ ಕಿರಿದಾಗಿ ಕತ್ತಲಲ್ಲಿ ಅಗಲವಾಗುತ್ತದಲ್ಲ, ಹಾಗೆ ಹಿಗ್ಗಿಸಿ ಕುಗ್ಗಿಸಬಹುದಾದ ಕಂಡಿಗಳು. ಇವನ್ನು ಡಯಾಫ್ರಮ್ ಎನ್ನುತ್ತಾರೆ. ದೀಪದ ಹತ್ತಿರದ ಕಂಡಿ ಸ್ಲೈಡಿನ ಎಷ್ಟು ಜಾಗಕ್ಕೆ ಬೆಳಕು ಬೀಳಬೇಕೆಂದು ನಿರ್ಧರಿಸುತ್ತದೆ. ಕಂಡೆನ್ಸರಿನ ಕಂಡಿ ಬೆಳಕು ಎಷ್ಟು ಓರೆಯಿಂದ ಬರಬೇಕೆಂದು ನಿರ್ಧರಿಸುತ್ತದೆ. ಒಂದನ್ನು ತಿರುಗಿಸಿದರೆ ಇನ್ನೊಂದರ ಕೆಲಸ ಕೆಡುವುದಿಲ್ಲ. ಹೊಲಕ್ಕೆ ನೀರು ಬಿಡುವಾಗ ಯಾವ ಮಡಿಗೆ ಬಿಡಬೇಕೆಂಬುದು ಬೇರೆ, ಯಾವ ಕಾಲುವೆಯಿಂದ ಬಿಡಬೇಕೆಂಬುದು ಬೇರೆ ಅಲ್ಲವೇ?

1893ರಲ್ಲಿ ಈ ವಿಧಾನವನ್ನು ಅವರು ಒಂದು ಜರ್ಮನ್ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಸೈಫನೇರಿಯಾದ ಮೇಲಿನ ಅಧ್ಯಯನಕ್ಕೆ ಡಾಕ್ಟರೇಟ್ ಸಿಕ್ಕಿದ್ದೂ ಅದೇ ವರ್ಷ. ಆಗ ಅವರಿಗೆ 27 ವರ್ಷ. ಆಮೇಲೆ ರೈನ್ ನದಿಯ ದಡದ ಬಿಂಗೆನ್ ಎಂಬ ಊರಿನಲ್ಲಿ ಮತ್ತೆ ಶಾಲಾ ಮೇಷ್ಟರಾದರು.

ಕಾರ್ಖಾನೆಯಿಂದ ಬಂದ ಕರೆ

ಈಗ ನಾವು ಯೇನಾ ಎಂಬ ಇನ್ನೊಂದು ಊರಿಗೆ ಹೋಗೋಣ. ಅಲ್ಲಿ 1846ರಲ್ಲಿ ಕಾರ್ಲ್ ಜೈಸ್ ಎಂಬ ಕುಶಲಕರ್ಮಿ ಒಂದು ಚಿಕ್ಕ ಕಾರ್ಯಾಗಾರ ತೆರೆದಿದ್ದರು. ಮುಂದೆ ಸೂಕ್ಷ್ಮದರ್ಶಕ ಮಾಡುವುದರಲ್ಲಿ ಅದು ಹೆಸರಾಯಿತು. ಆ ಕಾಲದಲ್ಲಿ ಮಸೂರ ಮಾಡುವುದೆಂದರೆ ಉಜ್ಜಿ ನೋಡುವುದು, ಸರಿ ಬಾರದಿದ್ದರೆ ಮತ್ತೆ ಉಜ್ಜುವುದು. ಒಳ್ಳೆಯದು ಸಿಕ್ಕರೆ ಅದೃಷ್ಟ. ಜೈಸ್ ಅವರಿಗೆ ಇದು ಸಾಲದೆನಿಸಿತು. 1866ರಲ್ಲಿ, ಅಂದರೆ ನಮ್ಮ ಕೋಹ್ಲರ್ ಹುಟ್ಟಿದ ವರ್ಷವೇ, ಯೇನಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ 26 ವರ್ಷದ ಎರ್ನ್ಸ್ಟ್ ಆಬೆ ಅವರ ನೆರವು ಕೇಳಿದರು.

ಆಬೆ ಬಡವರ ಮನೆಯ ಮಗ. ತಂದೆ ನೂಲಿನ ಗಿರಣಿಯಲ್ಲಿ ದಿನಕ್ಕೆ ಹದಿನಾಲ್ಕು ಹದಿನಾರು ಗಂಟೆ ದುಡಿಯುತ್ತಿದ್ದರು. ಪುಟ್ಟ ಆಬೆ ತಂದೆಗೆ ಊಟ ಒಯ್ದುಕೊಡುತ್ತಿದ್ದರು. ಬೆಳೆದು ಭೌತವಿಜ್ಞಾನಿಯಾದ ಆಬೆ ಮಸೂರಗಳ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿದರು. 1872ರ ಹೊತ್ತಿಗೆ ಜೈಸ್ ಕಾರ್ಯಾಗಾರದ ಸೂಕ್ಷ್ಮದರ್ಶಕಗಳು ಆ ಲೆಕ್ಕದಂತೆಯೇ ತಯಾರಾಗತೊಡಗಿದವು. ಮರುವರ್ಷ ಆಬೆ ಒಂದು ಮುಖ್ಯ ಸಂಗತಿ ಪ್ರಕಟಿಸಿದರು: ಮಸೂರ ಎಷ್ಟೇ ಚೆನ್ನಾಗಿರಲಿ, ಬೆಳಕಿನ ಅಲೆಯ ಉದ್ದದ ಸುಮಾರು ಅರ್ಧಕ್ಕಿಂತ ಚಿಕ್ಕ ವಿವರಗಳನ್ನು ಸಾಮಾನ್ಯ ಸೂಕ್ಷ್ಮದರ್ಶಕ ಬೇರ್ಪಡಿಸಿ ತೋರಿಸಲಾರದು. ದಪ್ಪ ಕುಂಚದಿಂದ ಸಣ್ಣ ಅಕ್ಷರ ಬರೆಯಲು ಆಗುತ್ತದೆಯೇ? ಇದೂ ಹಾಗೆಯೇ.

ಹೀಗೆ ಮಸೂರ ಉತ್ತಮವಾಯಿತು. ಆದರೆ ಮಸೂರ ಎಷ್ಟು ಒಳ್ಳೆಯದಾದರೂ ಕೆಳಗಿನಿಂದ ಬರುವ ಬೆಳಕು ಕೆಟ್ಟರೆ ಏನು ಪ್ರಯೋಜನ? ಒಳ್ಳೆಯ ಅಕ್ಕಿ ತಂದು ಹೊತ್ತಿಸಿದ ಹಾಗೆ. ಬೆಳಕನ್ನು ಬಲ್ಲವರು, ಅದರಲ್ಲೂ ಸೂಕ್ಷ್ಮದರ್ಶಕದ ಮುಂದೆ ಕೂತು ಕಷ್ಟಪಟ್ಟವರು ಬೇಕಿತ್ತು. 1900ರಲ್ಲಿ ಜೈಸ್ ಕಾರ್ಖಾನೆ ಕೋಹ್ಲರ್ ಅವರನ್ನು ಕರೆಯಿತು. ಅದೇ ವರ್ಷ ಆಬೆಯವರು ಅಲ್ಲಿನ ಕೆಲಸಗಾರರಿಗೆ ದಿನಕ್ಕೆ ಎಂಟೇ ಗಂಟೆಯ ದುಡಿಮೆ ಎಂಬ ನಿಯಮ ತಂದರು.

ಕೋಹ್ಲರ್ ಹೋದರು. 34ನೆಯ ವಯಸ್ಸಿನಲ್ಲಿ ಸೇರಿದವರು 1945ರವರೆಗೆ, ನಲವತ್ತೈದು ವರ್ಷ, ಅಲ್ಲಿಯೇ ಕೆಲಸ ಮಾಡಿದರು.

ಕಾಣದ ಬೆಳಕಿನಲ್ಲಿ ನೋಡುವುದು

ನಿಮ್ಮಲ್ಲಿ ಯಾರಾದರೂ ಕೇಳಬಹುದು: "ಪ್ರಾಣಿಗಳ ಸಂಶೋಧನೆ ಬಿಟ್ಟು ಕಾರ್ಖಾನೆಗೆ ಹೋದ ಮೇಲೆ ಅವರು ವಿಜ್ಞಾನಿ ಆಗಿ ಉಳಿದರೇ?"

ಅಲ್ಲಿ ಅವರು ಮಾಡಿದ ಕೆಲಸವನ್ನೇ ನೋಡೋಣ. ಆಬೆ ಹೇಳಿದ ಮಿತಿ ನೆನಪಿದೆಯಲ್ಲ? ಅಲೆ ಚಿಕ್ಕದಾದಷ್ಟೂ ಚಿಕ್ಕ ವಿವರ ಕಾಣುತ್ತದೆ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ಹಸಿರು ಬೆಳಕಿನ ಅಲೆಯ ಉದ್ದ ಸುಮಾರು ಅರ್ಧ ಮೈಕ್ರಾನ್. ನೇರಳೆಗೂ ಆಚೆ ಇರುವ, ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಬೆಳಕಿನಲ್ಲಿ ಇದರ ಅರ್ಧದಷ್ಟು ಉದ್ದದ ಅಲೆಗಳೂ ಇವೆ. ಅದನ್ನು ಬಳಸಿದರೆ ವಿವರ ಇಮ್ಮಡಿ ಚೊಕ್ಕವಾಗಬೇಕು.

ಲೆಕ್ಕ ಸುಲಭ, ಮಾಡುವುದು ಕಷ್ಟ. ಸಾಮಾನ್ಯ ಗಾಜು ಇಂಥ ಬೆಳಕನ್ನು ಒಳಗೇ ಹೀರಿಬಿಡುತ್ತದೆ. ಆದ್ದರಿಂದ ಮಸೂರಗಳನ್ನು ಸ್ಫಟಿಕಶಿಲೆಯಿಂದ, ಅಂದರೆ ಕ್ವಾರ್ಟ್ಸ್‌ನಿಂದ ಮಾಡಬೇಕಾಯಿತು. ಆ ಮಸೂರಗಳ ಲೆಕ್ಕ ಹಾಕಿಕೊಟ್ಟವರು ಅದೇ ಕಾರ್ಖಾನೆಯ ಮೋರಿಟ್ಸ್ ಫಾನ್ ರೋರ್. ಬೆಳಕಿಗೆ ದೀಪ ಸಾಲದು. ಕ್ಯಾಡ್ಮಿಯಂ ಲೋಹದ ತುದಿಗಳ ನಡುವೆ ವಿದ್ಯುತ್ ಕಿಡಿ ಹಾರಿಸಿ ಅತಿನೇರಳೆ ಬೆಳಕನ್ನು ಪಡೆದರು. ಆ ಬೆಳಕು ಕಣ್ಣಿಗೆ ಕಾಣದು, ಆದರೆ ಫೋಟೊ ತೆಗೆಯುವ ಫಲಕಕ್ಕೆ ತಿಳಿಯುತ್ತದೆ. 1904ರಲ್ಲಿ ಕೋಹ್ಲರ್ ಈ ಅತಿನೇರಳೆ ಸೂಕ್ಷ್ಮದರ್ಶಕವನ್ನು ಜಗತ್ತಿಗೆ ತಿಳಿಸಿದರು.

ಅದರಲ್ಲಿ ಜೀವಕೋಶಗಳ ಫೋಟೊ ತೆಗೆದಾಗ ಒಂದು ಅಚ್ಚರಿ ಕಂಡಿತು. ಬಣ್ಣ ಹಾಕದಿದ್ದರೂ ಕೋಶಕೇಂದ್ರ ಕಪ್ಪಾಗಿ ಎದ್ದು ಕಾಣುತ್ತಿತ್ತು. ಕೋಶಕೇಂದ್ರದಲ್ಲಿರುವ ನ್ಯೂಕ್ಲಿಯಿಕ್ ಆಮ್ಲ ಅತಿನೇರಳೆ ಬೆಳಕನ್ನು ಹೆಚ್ಚಾಗಿ ಹೀರುತ್ತದೆ ಎಂಬುದು ಇದಕ್ಕೆ ಕಾರಣ. ನೀವು ಮುಂದೆ ಡಿಎನ್‌ಎ ಎಂದು ಓದುವುದು ಈ ಆಮ್ಲಗಳಲ್ಲಿ ಒಂದನ್ನು.

ಇನ್ನೊಂದು ಅಚ್ಚರಿಯೂ ಇತ್ತು. ಅತಿನೇರಳೆ ಬೆಳಕು ಬಿದ್ದಾಗ ಕೆಲವು ವಸ್ತುಗಳು ತಾವೇ ಮಿನುಗುತ್ತಿದ್ದವು. ಕೋಹ್ಲರ್ ಅವರಿಗೆ ಆ ಮಿನುಗು ಫೋಟೊ ಕೆಡಿಸುವ ಕಾಟವಾಗಿತ್ತು. ಆದರೂ ಅದನ್ನು ಮರೆಮಾಚದೆ ದಾಖಲಿಸಿದರು. ಕೆಲವೇ ವರ್ಷಗಳಲ್ಲಿ ಬೇರೆಯವರು ಆ ಮಿನುಗನ್ನೇ ಬಳಸಿಕೊಳ್ಳುವ ಸೂಕ್ಷ್ಮದರ್ಶಕ ಮಾಡಿದರು. ಇವತ್ತು ಹಸಿರು, ಕೆಂಪು, ನೀಲಿಯಾಗಿ ಹೊಳೆಯುವ ಜೀವಕೋಶಗಳ ಚಿತ್ರಗಳನ್ನು ಪುಸ್ತಕಗಳಲ್ಲಿ ನೋಡುತ್ತೀರಲ್ಲ, ಅವೆಲ್ಲ ಆ ದಾರಿಯಲ್ಲಿ ಬಂದವು.

ಮುಂದೆ ಡಚ್ ಭೌತವಿಜ್ಞಾನಿ ಫ್ರಿಟ್ಸ್ ಜೆರ್ನಿಕೆ ಬಣ್ಣ ಹಾಕದೆಯೇ ಪಾರದರ್ಶಕ ಜೀವಕೋಶಗಳನ್ನು ನೋಡುವ ಹೊಸ ವಿಧಾನ ಕಂಡುಹಿಡಿದರು. ಬಣ್ಣ ಹಾಕಿದರೆ ಕೋಶ ಸಾಮಾನ್ಯವಾಗಿ ಸತ್ತುಹೋಗುತ್ತದೆ, ಈ ವಿಧಾನದಲ್ಲಿ ಜೀವಂತವಾಗಿಯೇ ನೋಡಬಹುದು. ಈ ವಿಧಾನದ ಬಳಕೆಯ ಬಗ್ಗೆ 1941ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಲೇಖನ ಬರೆದವರು ನಮ್ಮ ಕೋಹ್ಲರ್. ಆಗ ಅವರ ವಯಸ್ಸು 75. ಜೆರ್ನಿಕೆ ಅವರಿಗೆ 1953ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕೋಹ್ಲರ್ ಅದನ್ನು ನೋಡಲು ಇರಲಿಲ್ಲ, 1948ರಲ್ಲಿ ಯೇನಾದಲ್ಲಿ ತೀರಿಕೊಂಡಿದ್ದರು.

ಈಗ ನೀವೇ ಹೇಳಿ, ಅವರು ವಿಜ್ಞಾನಿಯಾಗಿ ಉಳಿದರೋ ಇಲ್ಲವೋ? ಸೈಫನೇರಿಯಾವನ್ನು ನೋಡಲು ಪಟ್ಟ ಕಷ್ಟವೇ ಅವರ ಕೈ ಹಿಡಿಯಿತು. ತಮಗೆ ಸರಿಯಾಗಿ ಕಾಣದೆ ಹೋದದ್ದು ಎಲ್ಲರಿಗೂ ಕಾಣಲಿ ಎಂದು ಅವರು ದುಡಿದರು. ಒಂದೇ ಜೀವಿಯನ್ನು ನೋಡುತ್ತಿದ್ದವರು ಲಕ್ಷಾಂತರ ಜನರ ನೋಟಕ್ಕೆ ಬೆಳಕು ಕೊಟ್ಟರು. ನನಗಂತೂ ಇದು ವಿಜ್ಞಾನದ ತುಂಬ ದೊಡ್ಡ ಕೆಲಸವೆಂದೇ ಅನಿಸುತ್ತದೆ.

ಇವತ್ತಿನ ಕೋಹ್ಲರ್‌ಗಳು

ಇಂಥ ದಾರಿ ಹಿಡಿಯುವವರು ಇವತ್ತೂ ಇದ್ದಾರೆ. ಜೀವವಿಜ್ಞಾನದಲ್ಲೋ ಭೌತವಿಜ್ಞಾನದಲ್ಲೋ ಡಾಕ್ಟರೇಟ್ ಮಾಡಿ, ಹಲವು ವರ್ಷ ಸಂಶೋಧನೆ ನಡೆಸಿ, ಆಮೇಲೆ ಸೂಕ್ಷ್ಮದರ್ಶಕ ತಯಾರಿಸುವ ಕಂಪನಿಗಳಿಗೆ ಸೇರುತ್ತಾರೆ. ಸೂಕ್ಷ್ಮದರ್ಶಕ ಕೊಂಡವರ ಪ್ರಯೋಗಾಲಯಕ್ಕೆ ಹೋಗಿ, ಅವರ ಪಕ್ಕದಲ್ಲಿ ಕೂತು, "ನಿಮಗೆ ಏನು ಕಾಣಬೇಕು?" ಎಂದು ಕೇಳುವುದು ಇವರ ಕೆಲಸ. ಒಬ್ಬರಿಗೆ ಹಣ್ಣಿನ ನೊಣದ ಮಿದುಳು ಕಾಣಬೇಕು, ಇನ್ನೊಬ್ಬರಿಗೆ ಎಲೆಯ ರಂಧ್ರಗಳು, ಮತ್ತೊಬ್ಬರಿಗೆ ರಕ್ತದಲ್ಲಿನ ಮಲೇರಿಯಾ ಪರಾವಲಂಬಿ. ಯಾವ ಮಸೂರ, ಯಾವ ಬಣ್ಣದ ಬೆಳಕು, ಎಷ್ಟು ಬೆಳಕು ಎಂದು ಹೊಂದಿಸಿ ತೋರಿಸುತ್ತಾರೆ. ಬೆಳಕು ಹೆಚ್ಚಾದರೆ ಜೀವಂತ ಕೋಶಕ್ಕೆ ಪೆಟ್ಟಾಗುತ್ತದೆ, ಕಡಿಮೆಯಾದರೆ ಏನೂ ಕಾಣದು. ಈ ಹದ ತಿಳಿಯಲು ತಾನೂ ಒಮ್ಮೆ ಪ್ರಯೋಗ ಮಾಡಿ ಸೋತಿರಬೇಕು, ಗೆದ್ದಿರಬೇಕು. ಸಂಶೋಧನೆಯ ವರ್ಷಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಇಂಥವರು ನಮ್ಮ ಬೆಂಗಳೂರಿನಲ್ಲೂ ಇದ್ದಾರೆ. ಕಾರ್ಲ್ ಜೈಸ್ ಕಂಪನಿಯ ಭಾರತದ ಕಚೇರಿ ಇರುವುದು ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜಿಕೆವಿಕೆ ಆವರಣದ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಹಲವು ಸಂಶೋಧಕರು ಹಂಚಿಕೊಂಡು ಬಳಸುವ ದೊಡ್ಡ ಸೂಕ್ಷ್ಮದರ್ಶಕ ವಿಭಾಗಗಳಿವೆ. ಅವುಗಳನ್ನು ನೋಡಿಕೊಂಡು, ಹೊಸಬರಿಗೆ ಕಲಿಸುವವರೂ ಕೋಹ್ಲರ್ ಅವರ ಬಳಗದವರೇ.

ಸೂಕ್ಷ್ಮದರ್ಶಕ ಕಲಿಯಲು ಬಂದವರಿಗೆ ಎಲ್ಲ ಕಡೆಯೂ ಹೇಳಿಕೊಡುವ ಒಂದು ಪಾಠವಿದೆ. ಮೊದಲು ಸ್ಲೈಡ್ ಸ್ಪಷ್ಟವಾಗಿ ಕಾಣುವಂತೆ ಮಾಡಿಕೊಳ್ಳಿ. ದೀಪದ ಹತ್ತಿರದ ಕಂಡಿಯನ್ನು ಪೂರ್ತಿ ಕಿರಿದು ಮಾಡಿ. ಕಂಡೆನ್ಸರನ್ನು ಮೇಲೆ ಕೆಳಗೆ ಸರಿಸಿ, ಆ ಕಂಡಿಯ ಅಂಚು ಚೊಕ್ಕವಾಗಿ ಕಾಣುವಂತೆ ಮಾಡಿ. ಅದನ್ನು ನಡುವಿಗೆ ತನ್ನಿ. ಆಮೇಲೆ ಅಂಚು ಕಣ್ಣಿಂದ ಮರೆಯಾಗುವಷ್ಟು ಮಾತ್ರ ಕಂಡಿ ತೆರೆಯಿರಿ. ಈ ಹೊಂದಾಣಿಕೆಯ ಹೆಸರೇ ಕೋಹ್ಲರ್ ಬೆಳಕು. ಬಂಡೆಗೆ ಅಂಟಿದ ಒಂದು ಪುಟ್ಟ ಜೀವಿಯ ಫೋಟೊ ಚೆನ್ನಾಗಿ ಬರಲೆಂದು ಹೊಳೆದ ಉಪಾಯ ಈಗ ಆಸ್ಪತ್ರೆಯ ರಕ್ತಪರೀಕ್ಷೆಗೂ ಕಾಲೇಜಿನ ಪ್ರಯೋಗಕ್ಕೂ ನೆರವಾಗುತ್ತಿದೆ.

ಮಕ್ಕಳೇ, ಮುಂದಿನ ಸಲ ಸೂಕ್ಷ್ಮದರ್ಶಕದ ಮುಂದೆ ಕೂತಾಗ ಬರೀ ಮೇಲಿನ ಮಸೂರದಲ್ಲಿ ಕಣ್ಣಿಟ್ಟು ಎದ್ದು ಬರಬೇಡಿ. ಬಗ್ಗಿ ಕೆಳಗೂ ನೋಡಿ. ಬೆಳಕು ಎಲ್ಲಿಂದ ಬರುತ್ತಿದೆ, ಯಾವ ಕಂಡಿ ಹಾದು ಬರುತ್ತಿದೆ ಎಂದು ಗಮನಿಸಿ. ಅಲ್ಲೊಂದು ಪುಟ್ಟ ಹಿಡಿಕೆ ಇದ್ದರೆ ಮೇಷ್ಟರನ್ನೋ ಟೀಚರನ್ನೋ ಕೇಳಿ ಮೆಲ್ಲಗೆ ಸರಿಸಿ, ಚಿತ್ರ ಹೇಗೆ ಬದಲಾಗುತ್ತದೆ ನೋಡಿ. ವಿಚಿತ್ರವಾದ ಗೆರೆಯೋ ನೆರಳೋ ಕಂಡರೆ ಅಳಿಸಬೇಡಿ, ಪುಸ್ತಕದಲ್ಲಿ ಬರೆದಿಟ್ಟುಕೊಂಡು "ಇದು ಎಲ್ಲಿಂದ ಬಂತು?" ಎಂದು ಕೇಳಿ. ಕೋಹ್ಲರ್ ಮೇಷ್ಟರ ಕೆಲಸ ಶುರುವಾದದ್ದು ಅಂಥದೇ ಒಂದು ಪ್ರಶ್ನೆಯಿಂದ.